ನೂರಕ್ಕ ಕಟ್ಟಿದ ನಾಲ್ಕು ತಂತಿ

ನೂರಕ್ಕನ ಮನೆಗೆ ಹೋದ ಅತಿಥಿಗೆ ಕಾರಿನಿಂದ ಇಳಿಯುವ ಸ್ವಾತಂತ್ರ್ಯ ತಕ್ಷಣ ಸಿಗುವುದಿಲ್ಲ. ಫಾರ್ಮಿಂಗ್ಟನ್ ಹಿಲ್ಸ್‌ನ ಆ ಸಬ್‌ಡಿವಿಷನ್ ಎಂಬ ಬಡಾವಣೆಯಲ್ಲಿ ನಮ್ಮ ಕಾರು ಅವರ ಮನೆ ಮುಂದಿನ ಡ್ರೈವ್‌ವೇಗೆ ತಿರುಗಿ ನಿಲ್ಲುವಷ್ಟರಲ್ಲೇ ಗ್ಯಾರೇಜಿನೊಳಗಿನಿಂದ ಖಾಕಿ ಕೋಟಿನ ಪುಟ್ಟ ಆಕೃತಿಯೊಂದು ದಡದಡನೆ ಹೊರಬಂದು, ನಮ್ಮ ಮುಖವನ್ನೂ ನೋಡದೆ ಕಾರಿನ ಬೆನ್ನಿಗೆ ಹೋಗಿ ನಿಂತು, "ಬ್ರೇಕ್ ಒತ್ರಿ! ಎಡಕ್ಕ ಹಾಕ್ರಿ! ಬಲಕ್ಕ! ಆತು, ಈಗ ಇಳೀರಿ" ಎಂದು ಅಪ್ಪಣೆ ಕೊಡುತ್ತದೆ. ಹಿಂದಿನ ದೀಪಗಳೆಲ್ಲ ಉರಿದರೆ ಯೋಗಕ್ಷೇಮ ವಿಚಾರಣೆ. ಒಂದು ಉರಿಯದಿದ್ದರೂ ಯೋಗಕ್ಷೇಮ ಆಮೇಲೆ, ಮೊದಲು ಬಲ್ಬು. ಗೊಂಬೆ ಕೂರಿಸಿದ್ದೇವೆ ಬನ್ನಿ ಎಂದು ಕರೆಯಲು ರೇಷ್ಮೆ ಸೀರೆಯುಟ್ಟು ಹೋದ ನನ್ನ ಹೆಂಡತಿ ಪದ್ಮ, ಒಮ್ಮೆ ಹೀಗೆ ಹತ್ತು ನಿಮಿಷ ಬ್ರೇಕಿನ ಮೇಲೆ ಕಾಲಿಟ್ಟು ಕುಳಿತು, ಕರೆಯಲು ಬಂದದ್ದನ್ನೇ ಮರೆತು ವಾಪಸು ಬಂದಿದ್ದಳು.

ಪೂರ್ತಿ ಹೆಸರು ನೂರ್‌ಜಹಾನ್. ಊರು ಗದಗ. ತಂದೆಗೆ ಅಲ್ಲಿ ಲಾರಿಗಳ ಎಲೆಕ್ಟ್ರಿಕ್ ಕೆಲಸದ ಅಂಗಡಿಯಿತ್ತು. ಬಾಲ್ಯವೆಲ್ಲ ಬ್ಯಾಟರಿ, ಡೈನಮೋ, ಸುಟ್ಟ ವೈರಿನ ವಾಸನೆಯ ನಡುವೆ ಕಳೆದು, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ, ಮಕ್ಕಳ ವೈದ್ಯರಾದ ಹಫೀಜ್ ಅವರನ್ನು ಮದುವೆಯಾಗಿ ಡೆಟ್ರಾಯಿಟ್ ಸೀಮೆಗೆ ಬಂದವರು. ಸೌತ್‌ಫೀಲ್ಡ್‌ನ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷದ ನೌಕರಿ. ಕಾರಿನ ಮೈಯೊಳಗೆ ನೂರಾರು ಬಣ್ಣದ ವೈರುಗಳು ಜಡೆ ಹೆಣೆದ ಹಾಗೆ ಹಾದುಹೋಗುತ್ತವಲ್ಲ, ಅಂಥ ಜಡೆಯ ಮೊದಲ ಮಾದರಿ ತಯಾರಾದಾಗ ಅದನ್ನು ಮೇಜಿನ ಮೇಲೆ ಹರಡಿ, ಯಾವ ಬಣ್ಣ ಎಲ್ಲಿಂದ ಹೊರಟು ಎಲ್ಲಿಗೆ ಸೇರಿದೆ ಎಂದು ಒಂದೊಂದಾಗಿ ನೋಡಿ ಸಹಿ ಹಾಕುವ ಕೊನೆಯ ಕಣ್ಣು ಅವರದು. ಆ ಸಹಿಯ ಮೇಲೆ ಅವರಿಗೆ ಅಭಿಮಾನವಿತ್ತು, ಅಭಿಮಾನಕ್ಕಿಂತ ಒಂದು ತೂಕ ಹೆಚ್ಚು ಭಯವೂ ಇತ್ತು.

ಅವರ ನಡಿಗೆಯೇ ಆ ಭಯದ ಸಾಕ್ಷಿ. ನಾಲ್ಕು ಹೆಜ್ಜೆ ಮುಂದೆ ಹೋದರೆ ಒಮ್ಮೆ ಹಿಂದಿರುಗಿ ನೋಡುತ್ತಾರೆ: ಒಲೆ ಆರಿಸಿದೆನೇ, ಗ್ಯಾರೇಜಿನ ಬಾಗಿಲು ಕೆಳಗಿಳಿಯಿತೇ, ಇಳಿದ ಬಾಗಿಲು ತಾನಾಗಿ ಮತ್ತೆ ಮೇಲೆದ್ದಿತೇ. ಮಾತಿನ ಕೊನೆಗೆ "ಖರೇನ?" ಎಂದು ಸೇರಿಸದೆ ಅವರ ವಾಕ್ಯ ಪೂರ್ಣವಾಗುವುದಿಲ್ಲ. "ಇವತ್ತ ಥಂಡಿ ಭಾಳ ಐತಿ, ಖರೇನ?" ಎನ್ನುತ್ತಾರೆ, ಥರ್ಮಾಮೀಟರ್ ನೀರು ಹೆಪ್ಪುಗಟ್ಟುವ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿರುವಾಗಲೂ ಎರಡನೆಯವರ ಒಪ್ಪಿಗೆ ಬೇಕು. ಚಹಾ ಕುಡಿಯುವುದು ನಿಂತೇ, ಈದಿನ ಊಟ ಬಡಿಸಿ ಉಣ್ಣುವುದೂ ನಿಂತೇ. ಮೊಣಕಾಲು ಮುಟ್ಟುವ ಆ ಖಾಕಿ ಕೋಟಿನ ಜೇಬುಗಳಲ್ಲಿ ಟೆಸ್ಟರ್, ಎರಡು ಬಲ್ಬು, ಕಪ್ಪು ಟೇಪಿನ ಸುರುಳಿ, ಹೇರ್‌ಪಿನ್ನು, ನಾಲ್ಕಾರು ಏಲಕ್ಕಿ ಸದಾ ಇರುತ್ತವೆ. ಮದುವೆಗೆ ಹೋಗುವಾಗ ಕೋಟು ಬಿಟ್ಟರೆ ಇವಿಷ್ಟೂ ಕೈಚೀಲಕ್ಕೆ ವರ್ಗವಾಗುತ್ತವೆ. ಡಾಕ್ಟರ್ ಹಫೀಜ್ ಇದಕ್ಕೆ ತದ್ವಿರುದ್ಧ. ಇಬ್ಬರ ಪಾಲಿನ ಕೂರುವಿಕೆಯನ್ನೂ ಅವರೊಬ್ಬರೇ ನಿರಾಳವಾಗಿ ಕುಳಿತು ತೀರಿಸುತ್ತಾರೆ.

ಐದಾರು ವರ್ಷದ ಹಿಂದಿನ ಮಾತು. ನಮ್ಮ ಕಡೆಯ ಸಾಮಾನು ಸಿಗುವ ಗ್ರೋಸರಿ ಅಂಗಡಿಯ ಪಾರ್ಕಿಂಗಿನಿಂದ ಹೊರಬಿದ್ದ ಯಾರದೋ ಕಾರಿನ ಎಡಗಡೆಯ ಬ್ರೇಕ್ ದೀಪ ಸತ್ತಿರುವುದು ನೂರಕ್ಕನ ಕಣ್ಣಿಗೆ ಬಿತ್ತು. ಹಾರ್ನ್ ಬಾರಿಸಿದರು, ಆತ ನಿಲ್ಲಿಸಲಿಲ್ಲ. ಹೆದ್ದಾರಿಗೆ ಏರಿದ, ಇವರೂ ಏರಿದರು. ಮೂರು ಎಕ್ಸಿಟ್ ದಾಟಿ ಆತ ತನ್ನ ಮನೆಯ ಡ್ರೈವ್‌ವೇಗೆ ತಿರುಗಿದಾಗ ಇವರೂ ಬೆನ್ನಿಗೇ ತಿರುಗಿ ನಿಂತರು. ಹೆದರಿಹೋದ ಆ ಮನುಷ್ಯ ಪೊಲೀಸರನ್ನು ಕರೆಯಲು ಫೋನು ಕೈಗೆತ್ತಿಕೊಂಡಿದ್ದ. ಇವರು ಜೇಬಿನಿಂದ ಬಲ್ಬು ತೆಗೆದು ತೋರಿಸಿ, ಅಲ್ಲೇ ನಿಂತು ಅದನ್ನು ಹಾಕಿಕೊಟ್ಟು ಬಂದರು. ಅಷ್ಟು ದೂರ ಯಾಕೆ ಹೋದಿರಿ ಎಂದು ನಾನು ನಕ್ಕಾಗ ಅವರು ನಗಲಿಲ್ಲ. "ಅವಂಗ ಅವನ ಬೆನ್ನು ಕಾಣಸೂದಿಲ್ಲಲ್ಲೋ ತಮ್ಮಾ. ಕಂಡವರು ಹೇಳಬೇಕು, ಖರೇನ?" ಎಂದರು.

ಕಳೆದ ವಸಂತದಿಂದ ಅವರು ಕಾರು ಓಡಿಸುವುದನ್ನು ನಿಲ್ಲಿಸಿದ್ದರು. ಹಫೀಜ್ ನಿವೃತ್ತರಾಗಿ ಮನೆಯಲ್ಲಿ ಸುಮ್ಮನೆ ಕುಳಿತಿರುತ್ತಾರೆ, ಅವರ ಕೈಗೆ ಡ್ರೈವಿಂಗ್ ರೂಢಿ ತಪ್ಪಬಾರದು ಎಂಬ ಕಾರಣ ಕೊಟ್ಟರು. ಕಾರಣ ಸರಿಯಾಗಿಯೇ ಕಂಡಿತು. ನೂರಕ್ಕನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಓಡಿಸುವುದೇ ಹಫೀಜರಿಗೆ ದೊಡ್ಡ ವ್ಯಾಯಾಮ ಎಂದು ನಾವೆಲ್ಲ ತಮಾಷೆ ಮಾಡಿದೆವು.

ಸೆಪ್ಟೆಂಬರಿನಲ್ಲಿ ನಮ್ಮ ಮಗಳು ಇಂಚರಳಿಗೆ ಶಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನಲ್ಲಿ ಕೆಲಸ ಸಿಕ್ಕಿತು. ಮಂಚ, ಮೇಜು, ಪುಸ್ತಕ, ಅವಳ ಅಮ್ಮ ಹಟ ಹಿಡಿದು ಸೇರಿಸಿದ ಗ್ರೈಂಡರು, ಎಲ್ಲವನ್ನೂ ಸಾಗಿಸಬೇಕು. ಗೆಳೆಯ ದೇವೇಂದ್ರ ತನ್ನ ಟ್ರೇಲರ್ ಕೊಡುತ್ತೇನೆಂದ. ಆದರೆ ನಮ್ಮ ಮಿನಿವ್ಯಾನಿಗೆ ಅದನ್ನು ಕಟ್ಟಲು ಹಿಂದೆ ಹಿಚ್ ಇರಲಿಲ್ಲ. ಹಿಚ್ ಎಂದರೆ ಕಾರಿನ ಹೊಟ್ಟೆಯ ಕೆಳಗೆ ಬೋಲ್ಟು ಹಾಕಿ ಕೂರಿಸುವ ಕಬ್ಬಿಣದ ತೊಲೆ. ಅದರ ಜೊತೆಗೆ, ನಾವು ಬ್ರೇಕ್ ಒತ್ತಿದರೆ ಟ್ರೇಲರಿನ ದೀಪವೂ ಉರಿಯುವಂತೆ ವೈರು ಎಳೆಯಬೇಕು. ಅಂಗಡಿಗೆ ಬಿಟ್ಟರೆ ಅರ್ಧ ದಿನದ ಕೆಲಸ ಎಂದು ನಾನು ಬಾಯಿಬಿಟ್ಟದ್ದೇ ತಪ್ಪಾಯಿತು. "ಅಂಗಡ್ಯಾಗ ಮಾಡಸ್ತೀಯಾ? ನಾ ಸತ್ತೇನೇನು?" ಎಂದು ನೂರಕ್ಕ ಫೋನಿಟ್ಟರು. ಶನಿವಾರ ಬೆಳಿಗ್ಗೆ ಎಂಟಕ್ಕೆ ಹಫೀಜರ ಕಾರಿನಿಂದ ಜ್ಯಾಕು, ರಟ್ಟಿನ ಹಾಳೆ, ಪಾನಾಗಳ ಪೆಟ್ಟಿಗೆ ಇಳಿದವು.

ನಮ್ಮ ಸಬ್‌ಡಿವಿಷನ್ನಿನಲ್ಲಿ ಡ್ರೈವ್‌ವೇ ಮೇಲೆ ಕಾರು ರಿಪೇರಿ ಮಾಡಬಾರದೆಂಬ ನಿಯಮವಿದೆ. ನಾನು ಅಳುಕುತ್ತಾ ನೆನಪಿಸಿದೆ. "ಕೆಟ್ಟಿದ್ದನ್ನ ಸರಿ ಮಾಡಿದ್ರ ರಿಪೇರಿ. ಇದೆಲ್ಲಿ ಕೆಟ್ಟೇತಿ?" ಎಂದು ರಟ್ಟು ಹಾಸಿ ಕಾರಿನ ಕೆಳಗೆ ತೂರಿಕೊಂಡರು. ಅರವತ್ತರ ಹೆಂಗಸು, ದುಪಟ್ಟಾವನ್ನು ಕೋಟಿನೊಳಗೆ ಬಿಗಿಯಾಗಿ ಸಿಕ್ಕಿಸಿ, ಬೆನ್ನ ಮೇಲೆ ಮಲಗಿ, ಮೂವತ್ತೈದು ಪೌಂಡಿನ ತೊಲೆಯನ್ನು ಜ್ಯಾಕಿನಿಂದ ಇಂಚಿಂಚಾಗಿ ಏರಿಸಿ ಚೌಕಟ್ಟಿನ ತೂತುಗಳಿಗೆ ಹೊಂದಿಸುವುದನ್ನು ನಾನು ಕಾಫಿ ಲೋಟ ಹಿಡಿದು ನೋಡಿದೆ. ಒಂದೊಂದು ಬೋಲ್ಟನ್ನೂ ಟಕ್ ಎನ್ನುವವರೆಗೆ ಬಿಗಿದು, ಎಲ್ಲ ಮುಗಿದ ಮೇಲೆ ಮತ್ತೆ ಮೊದಲನೆಯದರಿಂದ ಟಕ್, ಟಕ್ ಎನ್ನಿಸಿಕೊಂಡು ಬಂದರು. ಕೈ ಚಾಚಿ ತೊಲೆಗೆ ಜೋತುಬಿದ್ದು ಜಗ್ಗಿದರು. ನನ್ನನ್ನೂ ಜಗ್ಗಿಸಿದರು. ಹಫೀಜರು ಮಡಚುವ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದರು, ಅವರನ್ನು ಮಾತ್ರ ಎಬ್ಬಿಸಲಿಲ್ಲ.

ವೈರಿನ ಕೆಲಸ ಮರುವಾರಕ್ಕೆ ಉಳಿಯಿತು. ಈಗ ಅಂಗಡಿಯಲ್ಲಿ ಸಿದ್ಧ ಜೋಡಣೆ ಸಿಗುತ್ತದೆ, ಚುಚ್ಚಿದರೆ ಮುಗಿಯಿತು. ನೂರಕ್ಕನಿಗೆ ಅದು ಸೇರುವುದಿಲ್ಲ. ವೈರನ್ನು ಕತ್ತರಿಸಿ, ತಾಮ್ರದ ಎಳೆಗಳನ್ನು ಹೊಸೆದು, ಬೆಸುಗೆ ಹಾಕಿ, ಟೇಪು ಸುತ್ತಿದರೆ ಮಾತ್ರ ಅವರ ಲೆಕ್ಕದಲ್ಲಿ ಅದು ಕೆಲಸ. ತಂತಿಗಳು ನಾಲ್ಕೇ: ಬಿಳಿ ಅರ್ಥಿಂಗಿಗೆ, ಕಂದು ಹಿಂದಿನ ಕೆಂಪು ದೀಪಗಳಿಗೆ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಇಪ್ಪತ್ತಾರು ವರ್ಷ ನೂರಾರು ಬಣ್ಣಗಳ ಜೊತೆ ಬದುಕಿದವರಿಗೆ ಇದು ಎಡಗೈ ಕೆಲಸವಾಗಬೇಕಿತ್ತು. ಆದರೆ ಅವರು ಒಂದೊಂದು ತಂತಿಯನ್ನೂ ಬಿಸಿಲಿಗೆ ಹಿಡಿದು, ಕತ್ತು ಓರೆ ಮಾಡಿ ನೋಡಿ, ತುದಿಗೆ ಕಪ್ಪು ಟೇಪಿನ ಉಂಗುರ ಸುತ್ತುತ್ತಿದ್ದರು. ಒಂದಕ್ಕೆ ಒಂದುಂಗುರ, ಇನ್ನೊಂದಕ್ಕೆ ಎರಡು. "ಇಂಚರಾ, ಇದು ಯಾವ ಬಣ್ಣ ಹೇಳು ನೋಡೂಣು, ನಿಮ್ಮ ಕಾಲೇಜಿನ್ಯಾಗ ಏನ್ ಕಲಿಸ್ಯಾರ" ಎಂದು ನಗುತ್ತಾ ಕೇಳಿದರು. "ಗ್ರೀನ್, ಆಂಟಿ, ಆಬ್ವಿಯಸ್ಲಿ" ಎಂದಳು ಮಗಳು. ನೂರಕ್ಕ ಅದಕ್ಕೆ ಮೂರು ಉಂಗುರ ಸುತ್ತಿದರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಆಗ ನನಗೆ ತಿಳಿದಿರಲಿಲ್ಲ ನಿಜ, ಆದರೆ ತಿಳಿದ ಮೇಲೆ ಬರೆಯಲು ಕುಳಿತವನು ಅದನ್ನು ಮುಚ್ಚಿಟ್ಟು ಓದುವವರನ್ನು ಆಟವಾಡಿಸಬಾರದು. ಆರು ತಿಂಗಳಿನಿಂದ ಅವರ ಕಣ್ಣಿಗೆ ಹಸಿರು ಮತ್ತು ಕಂದು ಒಂದೇ ಆಗಿದ್ದವು. ಗಂಡನಿಗೆ ಹೇಳಿರಲಿಲ್ಲ, ಆಫೀಸಿನಲ್ಲಿ ಹೇಳಿರಲಿಲ್ಲ, ಕಣ್ಣಿನ ವೈದ್ಯರ ಬಳಿಗೂ ಹೋಗಿರಲಿಲ್ಲ. ಹೋದರೆ ಹೆಸರಿಟ್ಟುಬಿಡುತ್ತಾರೆ, ಹೆಸರಿಟ್ಟ ಮೇಲೆ ಅದು ನಿಜವಾಗಿಬಿಡುತ್ತದೆ ಎಂಬ ದಿಗಿಲು. ಸೌತ್‌ಫೀಲ್ಡಿನ ಮೇಜಿನ ಮುಂದೆ ಎಲ್ಲರೂ ಹೋದ ಮೇಲೂ ಉಳಿದು, ಒಂದೊಂದು ವೈರಿಗೂ ಮೀಟರ್ ಹಚ್ಚಿ, ಕಣ್ಣು ಹೇಳದ್ದನ್ನು ಯಂತ್ರದಿಂದ ಕೇಳಿ ತಿಳಿದು ಸಹಿ ಹಾಕುತ್ತಿದ್ದರಂತೆ. ನಮ್ಮ ಕಾರಿನ ಆ ನಾಲ್ಕು ತಂತಿ ಅವರಿಗೆ ಪರೀಕ್ಷೆಯಾಗಿತ್ತು: ಇದೊಂದನ್ನು ಕಣ್ಣಿನಿಂದಲೇ ಸರಿಯಾಗಿ ಕಟ್ಟಿದರೆ ತಾನಿನ್ನೂ ಆ ಮೇಜಿಗೆ ಯೋಗ್ಯಳು. ಇಷ್ಟು ದೊಡ್ಡ ಪಣ ನನ್ನ ಕಾರಿನ ಹಿಂಭಾಗದಲ್ಲಿ ನೇತಾಡುತ್ತಿದೆಯೆಂದು ಗೊತ್ತಿಲ್ಲದೆ ನಾನು ಎರಡನೆಯ ಕಾಫಿಗೆ ಒಳಗೆ ಹೋಗಿದ್ದೆ.

ಗುರುವಾರ ಸಂಜೆ ಟೆಸ್ಟರ್ ಹಚ್ಚಿ ನೋಡಿದಾಗ ಎಲ್ಲವೂ ಸರಿಯಿತ್ತು. ನಾನು ಸೀಟಿನಲ್ಲಿ ಕುಳಿತು ಎಡ, ಬಲ, ಬ್ರೇಕ್ ಎಂದು ಒತ್ತಿದೆ. ಅವರು ಹಿಂದಿನಿಂದ "ಹತ್ತೇತಿ, ಹತ್ತೇತಿ" ಎಂದು ಕೂಗಿದರು. ಬೇರೆ ಯಾರಾದರೂ ಕೈ ತೊಳೆದು ಊಟಕ್ಕೆ ಕೂರುತ್ತಿದ್ದರು. ನೂರಕ್ಕನಿಗೆ ಸರಿಯಾದದ್ದೂ ಸಮಾಧಾನ ಕೊಡುವುದಿಲ್ಲ. ಶುಕ್ರವಾರ ಮಧ್ಯಾಹ್ನ ನಾವ್ಯಾರೂ ಮನೆಯಲ್ಲಿಲ್ಲದಾಗ ಹಫೀಜರನ್ನು ಕರೆತಂದು, ಟೇಪೆಲ್ಲ ಬಿಚ್ಚಿ, ಬೆಸುಗೆ ಕತ್ತರಿಸಿ, ಇನ್ನೂ ಚೆನ್ನಾಗಿ ಮಾಡುತ್ತೇನೆಂದು ಹೇಳಿ, ಈ ಸಲ ಯಾರನ್ನೂ ಬಣ್ಣ ಕೇಳದೆ ಹೊಸದಾಗಿ ಕಟ್ಟಿ ಹೋದರು. ವ್ಯಾನು ಮನೆಯ ಮುಂದೆಯೇ ಇದ್ದರೂ ಅದರ ಕೀಲಿ ನನ್ನ ಜೇಬಿನಲ್ಲಿತ್ತು. ದೀಪ ಹಚ್ಚಿ ನೋಡಲು ಆಗಲಿಲ್ಲ.

ಅದೇ ಶುಕ್ರವಾರ ಸಂಜೆ ಪದ್ಮ ಆಯುಧಪೂಜೆ ಮಾಡಿದಳು. ನವಮಿ ಬುಧವಾರವೇ ಕಳೆದಿತ್ತು. ಆದರೆ ಈ ದೇಶದಲ್ಲಿ ನಮ್ಮ ಹಬ್ಬಗಳೆಲ್ಲ ಪಂಚಾಂಗಕ್ಕಿಂತ ಹೆಚ್ಚಾಗಿ ವಾರಾಂತ್ಯಕ್ಕೆ ವಿಧೇಯವಾಗಿರುತ್ತವೆ. ಕಾರಿಗೆ ಹೂವು, ಗಾಜಿಗೆ ಗಂಧ, ಚಕ್ರದಡಿ ನಿಂಬೆಹಣ್ಣು, ಹೊಸ ಹಿಚ್ಚಿಗೆ ಧಾರಾಳವಾಗಿ ಅರಿಶಿನ ಕುಂಕುಮ. ನಾನು ಮಂಗಳಾರತಿ ತೆಗೆದುಕೊಂಡು ಒಳಗೆ ಹೋದೆ.

ಶನಿವಾರ ಬೆಳಿಗ್ಗೆ ದೇವೇಂದ್ರ ಟ್ರೇಲರನ್ನು ತಂದು ಬಿಟ್ಟುಹೋದ. ಸಾಮಾನು ತುಂಬಿದೆವು. ಒಂಬತ್ತಕ್ಕೆ ನೂರಕ್ಕ, ಹಫೀಜ್ ಬಂದರು. ಟ್ರೇಲರಿನ ಪ್ಲಗ್ಗನ್ನು ನಮ್ಮ ಕಾರಿನ ಸಾಕೆಟ್ಟಿಗೆ ಸಿಕ್ಕಿಸಿ ನಾನು ಸೀಟಿನಲ್ಲಿ ಕುಳಿತೆ. ಹೆಡ್‌ಲೈಟ್ ಹಾಕಿದೆ, ಹಿಂದಿನ ದೀಪಗಳೆರಡೂ ಹತ್ತಿದವು. ಎಡ ಹಾಕಿದೆ, ಹತ್ತಿತು. ಬಲ ಹಾಕಿದೆ. ಹಿಂದಿನಿಂದ ದನಿಯಿಲ್ಲ. ಬ್ರೇಕ್ ಒತ್ತಿದೆ. ಆಗಲೂ ದನಿಯಿಲ್ಲ. ಇಳಿದು ಹೋಗಿ ನೋಡಿದರೆ ಟ್ರೇಲರಿನ ಬಲಗಡೆಯ ಇಂಡಿಕೇಟರ್ ಮಾತ್ರ ಕತ್ತಲು.

ನನ್ನ ತಲೆಗೆ ಮೊದಲು ಬಂದದ್ದು, ಅಂಗಡಿಗೇ ಕೊಡಬೇಕಿತ್ತು ಎಂದು. "ದೇವೇಂದ್ರನ ಟ್ರೇಲರ್ರೇ ಹಳೇದು, ಅದ್ರದ್ದೇ ಏನೋ ಆಗಿರತ್ತೆ ಬಿಡಿ" ಎಂದಳು ಪದ್ಮ. ಇಂಚರ ಫೋನಿನಲ್ಲಿ ಗಂಟೆ ನೋಡಿ "ಡ್ಯಾಡ್, ವೀ ಆರ್ ಸೋ ಲೇಟ್" ಎಂದಳು. ನೂರಕ್ಕ ಮಾತ್ರ ಯಾರ ಕಡೆಗೂ ನೋಡದೆ, ಡ್ರೈವ್‌ವೇಯ ಕಾಂಕ್ರೀಟಿನ ಮೇಲೆ ಹಾಗೆಯೇ ಕುಳಿತುಬಿಟ್ಟರು. ಹನ್ನೆರಡು ವರ್ಷದ ಪರಿಚಯದಲ್ಲಿ ಅವರು ಯಾರೂ ಹೇಳದೆ ತಾವಾಗಿ ಕುಳಿತದ್ದನ್ನು ನಾನು ಮೊದಲ ಬಾರಿ ಕಂಡೆ.

"ತಪ್ಪು ನಂದು" ಎಂದರು. "ನಿನ್ನೆ ಬಿಚ್ಚಿ ಮತ್ತ ಕಟ್ಟೀನಿ. ಹಸರ್ಯಾವುದು, ಕಂದ್ಯಾವುದು, ನನಗ ತಿಳಿಯೂದಿಲ್ಲ ತಮ್ಮಾ. ಆರು ತಿಂಗಳಾತು."

ಹಫೀಜರು ಕುರ್ಚಿಯಿಂದ ಎದ್ದು ಬಂದು, ಹೆಂಡತಿಯ ಪಕ್ಕದಲ್ಲಿ ಕಷ್ಟಪಟ್ಟು ಮಂಡಿಯೂರಿ, ತಮ್ಮ ಮನೆಮಾತಿನಲ್ಲಿ ಬಹಳ ಮೆತ್ತಗೆ ಏನೋ ಕೇಳಿದರು. ನಮಗೂ ತಿಳಿಯಲಿ ಎಂದೋ ಏನೋ, ನೂರಕ್ಕ ಕನ್ನಡದಲ್ಲೇ ಉತ್ತರ ಕೊಟ್ಟರು. "ಹೇಳಿದ್ರ ನೀವು ಕುಂದ್ರು ಅಂತೀರಿ. ನನಗ ಕುಂದ್ರಾಕ ಬರೂದಿಲ್ಲ."

ಕಾರಿನ ಬಲಗಡೆಯ ಇಂಡಿಕೇಟರ್ ಇನ್ನೂ ಟಿಕ್ ಟಿಕ್ ಎನ್ನುತ್ತಿತ್ತು, ನಾನು ಅದನ್ನು ಆರಿಸಿರಲಿಲ್ಲ. ನೂರಕ್ಕ ಅದನ್ನು ಕೇಳುತ್ತಾ ಒಂದೆರಡು ನಿಮಿಷ ಕುಳಿತಿದ್ದರು. ಆಮೇಲೆ ಹುಬ್ಬು ಗಂಟಿಕ್ಕಿತು. ಕೈಯೂರಿ ಎದ್ದರು.

"ತಡಿ. ಬಣ್ಣ ಅದಲು ಬದಲಾಗಿದ್ರ ಬ್ಯಾರೆ ದೀಪ ಹತ್ತಬೇಕಿತ್ತು. ಬಲಕ್ಕ ಹಾಕಿದ್ರ ಹಿಂದಿನವು ಎರಡೂ ಮಿಣಕಬೇಕಿತ್ತು. ಇಲ್ಲಿ ಏನೂ ಹತ್ತೇ ಇಲ್ಲ. ತಪ್ಪು ಕಟ್ಟಿದ್ದಕ್ಕೂ ಸತ್ತದ್ದಕ್ಕೂ ಫರಕ್ ಐತಿ."

ಪ್ಲಗ್ಗು ಕಿತ್ತರು. ಕಣ್ಣು ಹಾಯಿಸಲಿಲ್ಲ, ಸಾಕೆಟ್ಟಿನ ತೂತುಗಳ ಮೇಲೆ ಬೆರಳ ತುದಿಯಾಡಿಸಿದರು, ಒಂದರಲ್ಲಿ ನಿಲ್ಲಿಸಿದರು. ಜೇಬಿನಿಂದ ಹೇರ್‌ಪಿನ್ನು ತೆಗೆದು ಒಳಗೆ ಆಡಿಸಿ ಎಳೆದಾಗ, ಒಣಗಿ ಗಟ್ಟಿಯಾದ ಅರಿಶಿನದ ಹೆಕ್ಕಳೆಯ ಜೊತೆ ಎರಡು ಅಕ್ಕಿಕಾಳು ಅವರ ಅಂಗೈಗೆ ಬಿದ್ದವು.

"ಅಯ್ಯಯ್ಯೋ, ಅದು ಅಕ್ಷತೆ!" ಎಂದು ಪದ್ಮ ಬಾಯಿ ಮುಚ್ಚಿಕೊಂಡಳು. "ನೂರಕ್ಕಾ, ನಾನೇ ಆ ರಬ್ಬರ್ ಮುಚ್ಚಳ ತೆಗೆದು ಒಳಗೂ ಇಟ್ಟೆ ಕಣ್ರೀ. ಹೊಸದಲ್ವಾ, ಅದನ್ಯಾಕೆ ಬಿಡ್ಬೇಕು ಅಂತ."

ನೂರಕ್ಕ ಆ ಎರಡು ಕಾಳನ್ನು ನೋಡಿ ನಕ್ಕರು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡರು. "ನಿಂದೇನೂ ತಪ್ಪಿಲ್ಲವಾ ಪದ್ಮವ್ವಾ. ನಮ್ಮಪ್ಪನ ಅಂಗಡ್ಯಾಗ ಖಂಡೇನವಮಿ ದಿನ ಹುಡುಗರು ಪೂಜಿ ಮಾಡೂಕಿಂತ ಮೊದಲು ಸಾಕೆಟ್ಟಿಗೆಲ್ಲಾ ಬಟ್ಟಿ ತುರಕತಿದ್ವಿ. ನನಗ ಗೊತ್ತಿತ್ತು. ನಾ ನಿನಗ ಹೇಳಬೇಕಿತ್ತು" ಎಂದರು. ಅಕ್ಕಿ ನಮ್ಮದು, ಅರಿಶಿನ ನಮ್ಮದು, ಮುಚ್ಚಳ ತೆಗೆದ ಕೈ ನಮ್ಮ ಮನೆಯದು. ಅಪರಾಧವನ್ನು ಮಾತ್ರ ಆಕೆ ಅದರಲ್ಲೂ ತಮ್ಮ ಕಡೆಗೆ ಎಳೆದುಕೊಂಡರು. ಸಾಕೆಟ್ಟನ್ನು ಒರೆಸಿ ಪ್ಲಗ್ಗು ಸಿಕ್ಕಿಸಿದಾಗ ಬಲಗಡೆಯ ದೀಪ ಹತ್ತಿತು. ಅವರು ಕಟ್ಟಿದ ನಾಲ್ಕು ತಂತಿಯೂ ಇರಬೇಕಾದಲ್ಲೇ ಇದ್ದವು.

ಹನ್ನೊಂದಕ್ಕೆ ನಾವು ಹೊರಟೆವು. ಮುನ್ನೂರು ಮೈಲಿ ದೂರದ ಆ ದಾರಿಯುದ್ದಕ್ಕೂ ನನ್ನ ಮನಸ್ಸು ಒಂದೆಡೆ ನಿಲ್ಲಲಿಲ್ಲ. ಸಾಕೆಟ್ಟಿನೊಳಗಿನ ಕಾಳು ಐದು ನಿಮಿಷ ಮೊದಲು ಸಿಕ್ಕಿದ್ದರೆ ಆಕೆ ಆ ಮಾತು ಆಡುತ್ತಲೇ ಇರಲಿಲ್ಲ. ಗುಟ್ಟು ಗುಟ್ಟಾಗಿಯೇ ಉಳಿದು, ಇನ್ನೆರಡು ವರ್ಷದ ನೌಕರಿ ಗೌರವದಿಂದ ಮುಗಿಯುತ್ತಿತ್ತು. ಮಾಡದ ತಪ್ಪನ್ನು ಒಪ್ಪಿಕೊಂಡ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು ಎಂದುಕೊಂಡೆ. ಕಣ್ಣಿನ ಚಿಕಿತ್ಸೆ ಸದ್ದಿಲ್ಲದೆ ಮಾಡಿಸಿಕೊಳ್ಳಬಹುದು, ನಾವು ಯಾರ ಮುಂದೆ ಬಾಯಿಬಿಡುತ್ತೇವೆ? ಎಲ್ಕ್ ಗ್ರೋವಿನಲ್ಲಿ ಗ್ರೈಂಡರ್ ಇಳಿಸುವಾಗ ಪದ್ಮಳಿಗೂ ಇದನ್ನೇ ಹೇಳಿದೆ. ಅವಳೂ ತಲೆಯಾಡಿಸಿದಳು.

ಸೋಮವಾರ ಬೆಳಿಗ್ಗೆ ನೂರಕ್ಕ ಆಫೀಸಿಗೆ ಹೋಗಿ ಮ್ಯಾನೇಜರರ ಮುಂದೆ ನಿಂತು ಎಲ್ಲ ಹೇಳಿದರಂತೆ. ಹೇಳಿದ್ದಷ್ಟೇ ಅಲ್ಲ, ಆರು ತಿಂಗಳಲ್ಲಿ ತಾನು ಸಹಿ ಹಾಕಿದ ಪ್ರತಿಯೊಂದು ಮಾದರಿಯನ್ನೂ ಹೊರತೆಗೆಸಿ ಬೇರೊಬ್ಬರ ಕಣ್ಣಿನಿಂದ ನೋಡಿಸಬೇಕೆಂದು ಲಿಖಿತವಾಗಿ ಕೊಟ್ಟು ಬಂದರಂತೆ. ಹಫೀಜರು ಫೋನಿನಲ್ಲಿ ಹೇಳುವಾಗ ಅವರ ದನಿಯಲ್ಲಿ ಬೇಸರವೋ ಹೆಮ್ಮೆಯೋ ಗೊತ್ತಾಗಲಿಲ್ಲ. ಮೂರು ವಾರ ಮರುತಪಾಸಣೆ ನಡೆಯಿತು. ಒಂದೇ ಒಂದು ತಪ್ಪೂ ಸಿಗಲಿಲ್ಲ. ಕಣ್ಣಿನ ವೈದ್ಯರು ನರದ ತೊಂದರೆ ಎಂದರು, ಹೋದ ಬಣ್ಣ ಹಿಂದಕ್ಕೆ ಬರುವುದು ಅನುಮಾನ ಎಂದರು. ಕಂಪನಿಯವರು ಬೇರೆ ಮೇಜು ಕೊಡುತ್ತೇವೆಂದರೂ ಆಕೆ ರಾಜೀನಾಮೆ ಕೊಟ್ಟರು.

ನೋಡಲು ಹೋದಾಗ ನನಗೆ ತಡೆಯಲಾಗಲಿಲ್ಲ. ಒಂದೂ ತಪ್ಪು ಸಿಗಲಿಲ್ಲವಲ್ಲ ನೂರಕ್ಕಾ, ಸುಮ್ಮನಿರಬಹುದಿತ್ತಲ್ಲ, ಎಂದೆ. ಗ್ಯಾರೇಜಿನಲ್ಲಿ ಯಾವುದೋ ಟೋಸ್ಟರ್ ಬಿಚ್ಚಿಕೊಂಡು ನಿಂತಿದ್ದರು. ತಲೆ ಎತ್ತದೆಯೇ ಹೇಳಿದರು: "ಸಿಗಲಿಲ್ಲ ಅಂದ್ರ ಇರಲಿಲ್ಲ ಅಂತಲ್ಲೋ ತಮ್ಮಾ. ನಾ ಹೇಳದಿದ್ರ ಯಾರಿಗೂ ಹುಡುಕಬೇಕು ಅಂತ ಹೊಳೀತಿರಲಿಲ್ಲ."

ಏನಾದರೂ ಕೆಟ್ಟಿತೆಂದರೆ ಮೊದಲು ತಮ್ಮ ಕೈಯನ್ನೇ ಅನುಮಾನಿಸುವ ಜನ ಕೆಲವರಿರುತ್ತಾರೆ. ಅವರ ಜೊತೆ ಬಾಳುವುದು ಸುಲಭವಲ್ಲ. ತಾವೂ ಕೂರುವುದಿಲ್ಲ, ನಮ್ಮನ್ನೂ ನೆಮ್ಮದಿಯಾಗಿ ಕೂರಲು ಬಿಡುವುದಿಲ್ಲ. ಸರಿಯಿರುವುದನ್ನು ಬಿಚ್ಚುತ್ತಾರೆ, ಮುಗಿದದ್ದನ್ನು ಮತ್ತೆ ಶುರುಮಾಡುತ್ತಾರೆ, ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು ತಮ್ಮ ಬದುಕಿಗೆ ತಾವೇ ಕಲ್ಲು ಹಾಕಿಕೊಳ್ಳುತ್ತಾರೆ. ನಾವು ಅವರನ್ನು ನೋಡಿ ನಗುತ್ತೇವೆ, ಅವರು ಮುಟ್ಟಿ ಬಿಟ್ಟ ವಸ್ತುಗಳ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಗಂಟೆಗೆ ಎಪ್ಪತ್ತು ಮೈಲಿ ವೇಗದಲ್ಲಿ ಮಾತಾಡುತ್ತಾ ಹೋಗುತ್ತೇವೆ. ಅವತ್ತು ಬಲಗಡೆಯ ದೀಪ ಹತ್ತದಿದ್ದಾಗ ಪದ್ಮ ದೇವೇಂದ್ರನ ಟ್ರೇಲರನ್ನು ದೂರಿದಳು, ನಾನು ನೂರಕ್ಕನ ಕೈಯನ್ನು ದೂರಿದೆ, ನಮ್ಮ ಮನೆಯ ಅಕ್ಕಿಯ ನೆನಪು ನಮ್ಮಿಬ್ಬರಿಗೂ ಬರಲಿಲ್ಲ. ಅಂಥವರನ್ನು ನೆನೆದಾಗ ಗೌರವ ಹುಟ್ಟುತ್ತದೆ ಎಂದು ಬರೆದು ಮುಗಿಸಬಹುದಿತ್ತು; ನಿಜ ಹೇಳಬೇಕೆಂದರೆ, ಗೌರವಕ್ಕಿಂತ ಮೊದಲು ನನಗೆ ನಾಚಿಕೆಯಾಗುತ್ತದೆ.